ಕಾಲು ಅವರದು, ಬಣ್ಣ ನನ್ನದು ಅಂತ ಹಂಚಿಕೊಂಡಿದ್ದೆವು: ನಾವಿಬ್ಬರೂ ಮರಗೆಲಸಕ್ಕೆ ಬಂದ ದಾರಿ

ಉಳಿಕುಂಚ · ಭಾನುವಾರ, ರಾತ್ರಿ 9.40

ಹೋದ ವಾರ ಇಲ್ಲಿ ಒಬ್ಬರು ಕೇಳಿದ್ದರು: ನಾನು ಚಿತ್ರ ಬರೆಯುತ್ತೇನೆ, ನಮ್ಮ ಮನೆಯವರಿಗೆ ಮರಗೆಲಸದ ಹುಚ್ಚು, ಇಬ್ಬರೂ ಸೇರಿ ಕುರ್ಚಿ ಮೇಜು ಮಾಡಿ ಮಾರಬಹುದಾ, ಅವರು ಸಾಮಾನು ಮಾಡಿಕೊಡಲಿ, ನಾನು ಅಲಂಕಾರ ಮಾಡುತ್ತೇನೆ ಅಂತ. ಅಲ್ಲೇ ಉತ್ತರ ಬರೆಯಲು ಕುಳಿತೆ, ಉದ್ದವಾಯಿತು. ಅದಕ್ಕೇ ಇಲ್ಲಿ ಬೇರೆಯಾಗಿ ಹಾಕುತ್ತಿದ್ದೇನೆ.

ಮಾಡಬಹುದು. ಆದರೆ ಆ ಕೊನೆಯ ಮಾತಿನ ಹಾಗೆ ಕೆಲಸ ಹಂಚಿಕೊಂಡರೆ ಆಗುವುದಿಲ್ಲ. ನಾವು ಹಾಗೇ ಹಂಚಿಕೊಂಡು ಒಂದೂವರೆ ವರ್ಷ ಕಳೆದುಕೊಂಡೆವು.

ನಮ್ಮ ಮನೆಯವರು ಐಟಿಐ ಟರ್ನರ್. ಪೀಣ್ಯದಲ್ಲಿ 11 ವರ್ಷ ಕಬ್ಬಿಣದ ಲೇತ್ ಮೇಲೆ ನಿಂತವರು. ನಾನು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. 2020ರ ಲಾಕ್‌ಡೌನಿನಲ್ಲಿ ಇವರ ಕಾರ್ಖಾನೆಗೆ ಆರ್ಡರ್ ನಿಂತಿತು. ನಮ್ಮ ಶಾಲೆಯಲ್ಲಿ ಮೊದಲು ಮನೆಗೆ ಕಳಿಸಿದ್ದು ಡ್ರಾಯಿಂಗ್ ಮತ್ತು ಪಿಟಿ ಕಲಿಸುವವರನ್ನು. ಬಾಡಿಗೆ ಮನೆ ಖಾಲಿ ಮಾಡಿ ರಾಮನಗರದ ಹತ್ತಿರ ಅತ್ತೆ ಮಾವನ ಹಳ್ಳಿಗೆ ಬಂದೆವು. ಮಾವ ರೇಷ್ಮೆ ಹುಳ ಸಾಕುತ್ತಿದ್ದ ಉದ್ದನೆಯ ಶೆಡ್ಡು ಖಾಲಿ ಬಿದ್ದಿತ್ತು. ಹುಳ ಗೂಡು ಕಟ್ಟುವ ಚಂದ್ರಿಕೆಗಳನ್ನು ಅಟ್ಟಕ್ಕೆ ಹಾಕಿ ಅಲ್ಲೇ ಬೆಂಚು ಹೂಡಿದೆವು.

ಮೊದಲ ಸಾಮಾನು ಒಂದು ಟೀಪಾಯಿ. ತೇಗದ ಹಲಗೆಗಳನ್ನು ಜೋಡಿಸಿ ಅಂಟಿಸಿ, ಸುತ್ತ ಚೌಕಟ್ಟು ಬಿಗಿದು, ಅಂಟು ಮೊಳೆ ಎರಡೂ ಹಾಕಿ ಇವರು ನನ್ನ ಕೈಗೆ ಕೊಟ್ಟರು. ಹಲಗೆ ಮಾರಿದವರು ಚೆನ್ನಾಗಿ ಒಣಗಿದ ಮರ ಅಂದಿದ್ದರು, ನಂಬಿದೆವು. ನಾನು ಅದರ ಮೇಲೆ ನವಿಲು ಬರೆದೆ. 15 ದಿನ ಹಿಡಿಯಿತು. ಬೆಂಗಳೂರಿನ ಒಬ್ಬರು ಕೊಂಡರು. ಆಗಸ್ಟ್‌ನಲ್ಲಿ ಕೊಟ್ಟಿದ್ದು, ಮಾರ್ಚ್‌ನಲ್ಲಿ ಅವರಿಂದ ಫೋಟೋ ಬಂತು. ನವಿಲಿನ ಕುತ್ತಿಗೆಯ ಮೇಲೆ ಉದ್ದಕ್ಕೂ ಸೀಳು.

ಆ ಫೋಟೋ ಹಿಡಿದುಕೊಂಡು ಪಕ್ಕದೂರಿನ ಆಚಾರ್ರ ಹತ್ತಿರ ಹೋದೆವು. ಎಪ್ಪತ್ತು ದಾಟಿದವರು, ಬಾಗಿಲು ಕಿಟಕಿ ಮಾಡಿಯೇ ಬದುಕಿದವರು. ನೋಡಿ ಅಂದರು: "ಹಲಗೆ ಕುಗ್ಗಕ್ಕೆ ನೀವು ಜಾಗ ಬಿಟ್ಟಿಲ್ಲ. ಅದೇ ಸೀಳ್ಕೊಂಡು ಜಾಗ ಮಾಡ್ಕೊಂಡಿದೆ."

ಮರ ಉದ್ದಕ್ಕೆ ಹೆಚ್ಚುಕಮ್ಮಿ ಕದಲುವುದೇ ಇಲ್ಲ. ಅಗಲಕ್ಕೆ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ದಿಮ್ಮಿಯನ್ನು ಹೇಗೆ ಸೀಳಿದ್ದಾರೆ ಎನ್ನುವುದರ ಮೇಲೂ ಇದು ನಿಂತಿದೆ. ವರ್ಷದ ಬಳೆಗಳ ಗುಂಟ ಆಗುವ ಕುಗ್ಗು, ತಿರುಳಿನಿಂದ ತೊಗಟೆಯ ಕಡೆಗೆ ಆಗುವ ಕುಗ್ಗಿಗಿಂತ ಸುಮಾರು ಎರಡು ಪಟ್ಟು. ಹಳೇ ಮನೆಗಳ ಬಾಗಿಲು ನೋಡಿ. ಚೌಕಟ್ಟಿನ ಒಳಮೈಯಲ್ಲಿ ಸಣ್ಣ ಕಾಲುವೆ ಕೊರೆದು, ನಡುವಿನ ಹಲಗೆಯನ್ನು ಅಂಟಿಲ್ಲದೆ ಅದರೊಳಗೆ ಕೂರಿಸಿರುತ್ತಾರೆ. ಹಲಗೆ ಒಳಗೊಳಗೇ ಹಿಗ್ಗಿ ಕುಗ್ಗಿಕೊಳ್ಳುತ್ತದೆ, ಬಾಗಿಲು ನೂರು ವರ್ಷ ನಿಲ್ಲುತ್ತದೆ.

ಇದು ಮರಗೆಲಸದವರ ಪಾಠ, ನನಗ್ಯಾಕೆ ಅಂದುಕೊಂಡಿದ್ದೆ. ಆಚಾರ್ರು ಹೇಳಿದ ವಿಧಾನದಲ್ಲಿ ಎರಡನೇ ಟೀಪಾಯಿ ಮಾಡಿ, ಹಲಗೆ ಕೂರಿಸಿದ ಮೇಲೆ ನಾನು ಬಣ್ಣ ಹಾಕಿದೆ. ಬೇಸಿಗೆ ಬಂತು. ಹಲಗೆ ಕುಗ್ಗಿತು, ಸೀಳಲಿಲ್ಲ, ಆದರೆ ಎರಡೂ ಅಂಚಿನಲ್ಲಿ ಬಣ್ಣ ಕಾಣದ ಬೆತ್ತಲೆ ಮರದ ಗೆರೆ ಎದ್ದು ಬಂತು. ಕಾಲುವೆಯೊಳಗೆ ಹೋಗುವ ಅಂಚಿಗೂ ಕೂರಿಸುವ ಮುಂಚೆಯೇ ಬಣ್ಣ ಹಾಕಬೇಕಿತ್ತು. ಅಂದರೆ ಹಲಗೆ ಎಷ್ಟು ಕದಲುತ್ತದೆ ಅನ್ನುವುದು ಬಣ್ಣ ಹಾಕುವವಳಿಗೂ ಗೊತ್ತಿರಬೇಕಿತ್ತು. ಅಲಂಕಾರ ಕೊನೆಗೆ ಬರುವ ಕೆಲಸ ಅಂದುಕೊಂಡಿದ್ದೇ ನಮ್ಮ ತಪ್ಪು ಅಂತ ನನಗೆ ಹೊಳೆದದ್ದು ಆ ಬಿಳಿ ಗೆರೆ ನೋಡಿದ ದಿನ.

ಆಚಾರ್ರ ಹತ್ತಿರ 8 ತಿಂಗಳು ಇಬ್ಬರೂ ಹೋದೆವು. ಮೊದಲು ನನಗೆ ಉಳಿ ಕೊಡಲು ಅವರಿಗೆ ಮನಸ್ಸಿರಲಿಲ್ಲ. "ನೀವು ಬಣ್ಣ ನೋಡ್ಕಳಿ ತಾಯಿ" ಅನ್ನುತ್ತಿದ್ದರು. ಆದರೂ ಹೋಗಿ ಕೂರುತ್ತಿದ್ದೆ. ಒಂದು ದಿನ ಉಳಿ ಮಸೆಯಲು ಕೊಟ್ಟರು. ಒಂದು ತಿಂಗಳು ಮಸೆದೆ. ಮಸೆದ ಉಳಿಯನ್ನು ಅವರು ಮುಂಗೈ ಕೂದಲ ಮೇಲೆ ಆಡಿಸಿ ನೋಡುತ್ತಿದ್ದರು. ಕೂದಲು ಹೋಗದಿದ್ದರೆ ಮಾತಿಲ್ಲದೆ ಕಲ್ಲಿನ ಪಕ್ಕಕ್ಕೆ ಇಡುತ್ತಿದ್ದರು. ಅದು ಹೋದ ದಿನ ಒಂದು ತುಂಡು ಹಲಸು, ಒಂದು ಕೊಡತಿ ಮುಂದಿಟ್ಟು, "ಗುಳಿ ತೆಗೀರಿ" ಅಂದರು.

ಅದಾದ ಮೇಲೆ ಚನ್ನಪಟ್ಟಣ. ನಮ್ಮೂರಿಂದ ಹತ್ತಿರ, ಬಸ್ಸಲ್ಲಿ ನೂರು ಸಲ ದಾಟಿ ಹೋಗಿದ್ದೆವು, ಇಳಿದಿರಲಿಲ್ಲ. ಟಿಪ್ಪುವಿನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳು ಬಂದು ಕಲಿಸಿದ ವಿದ್ಯೆ ಅಂತ ಊರಲ್ಲಿ ಹೇಳುತ್ತಾರೆ. ಕಳೆದ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಅವರು ಜಪಾನಿನ ಅರಗಿನ ಕೆಲಸದ ವಿಧಾನಗಳನ್ನು ಇಲ್ಲಿಗೆ ತಂದು ಕಲಿಸಿದರು. ಆ ಹೆಸರನ್ನು ಅಲ್ಲಿನ ಹಿರಿಯರು ಇವತ್ತಿಗೂ ಗೌರವದಿಂದ ತೆಗೆಯುತ್ತಾರೆ. ನಮಗೆ ಕಲಿಸಿದ ಉಸ್ತಾದರ ಮನೆಯ ಮುಂದಿನ ಕೋಣೆಯೇ ಕಾರ್ಖಾನೆ.

ಲೇತ್ ಅಂದರೆ ಇವರಿಗೆ ಅಂಗೈಯ ನೆಲ್ಲಿಕಾಯಿ ಅಂದುಕೊಂಡೆ. ಮೊದಲ ವಾರ ಇವರ ಕೈ ತಡವರಿಸಿತು. ಕಬ್ಬಿಣದ ಲೇತ್‌ನಲ್ಲಿ ಟೂಲನ್ನು ಹಿಡಿದಿರುವುದು ಯಂತ್ರ, ನಾವು ಚಕ್ರ ತಿರುಗಿಸಿ ಅದನ್ನು ಕೂದಲೆಳೆಯಷ್ಟು ಮುಂದೆ ತಳ್ಳುತ್ತೇವೆ. ಮರದ ಲೇತ್‌ನಲ್ಲಿ ಉಳಿ ಇರುವುದು ಕೈಯಲ್ಲಿ. ಮೊಣಕೈ ಸೊಂಟಕ್ಕೆ ಒತ್ತಿ, ಇಡೀ ಮೈ ಬಗ್ಗಿಸಿ ಕಡೆಯಬೇಕು. ಮರದ ಎಳೆ ಅಡ್ಡ ಬಂದ ಜಾಗ ಕಿವಿಗೆ ಮೊದಲು ತಿಳಿಯುತ್ತದೆ, ಸದ್ದು ಬದಲಾಗುತ್ತದೆ.

ಇನ್ನು ಅರಗು. ಕೆಂಡದ ಮೇಲೆ ಅರಗನ್ನು ಮೆತ್ತಗೆ ಮಾಡಿ, ಬಣ್ಣ ಕಲಸಿ, ಎಳೆದು ಮಡಿಸಿ ಎಳೆದು ಕಡ್ಡಿ ಮಾಡಿಕೊಳ್ಳುತ್ತಾರೆ. ತಿರುಗುತ್ತಿರುವ ಮರಕ್ಕೆ ಆ ಕಡ್ಡಿ ಒತ್ತಿದರೆ ಉಜ್ಜಾಟದ ಕಾವಿಗೇ ಕರಗಿ ಹತ್ತಿಕೊಳ್ಳುತ್ತದೆ. ಮೇಲಿಂದ ತಾಳೆ ಗರಿ ಒತ್ತಿ ಹಿಡಿದರೆ ಹರಡಿ, ಕನ್ನಡಿ ಹಾಗೆ ಹೊಳಪು ಬರುತ್ತದೆ. ಬ್ರಶ್ ಇಲ್ಲ, ಒಣಗಲು ಕಾಯುವುದಿಲ್ಲ. ನಾನು ಮೊದಲ ದಿನವೇ ಟೀಪಾಯಿ ಮೇಲ್ಮೈಗೆ ಇದನ್ನು ಹಾಕಬೇಕು ಅಂದೆ. ಉಸ್ತಾದರು ಹೇಳಿದರು: "ಮರ ಸುತ್ತಬೇಕಮ್ಮ. ಸುತ್ತದೇ ಇದ್ರೆ ಅರಗು ಹ್ಯಾಗೆ ಹತ್ತತ್ತೆ?"

ಚಪ್ಪಟೆ ಹಲಗೆಗೆ ಈ ಕೆಲಸ ಆಗುವುದಿಲ್ಲ. ಜೊತೆಗೆ, ಇದಕ್ಕೆ ಬಳಸುವ ಆಲೆ ಮರ ದಪ್ಪ ಬೆಳೆಯುವ ಮರವಲ್ಲ, ಅಗಲ ಹಲಗೆ ಸಿಗುವುದೇ ಇಲ್ಲ. ಇವೆರಡೂ ಸೇರಿ ನಮ್ಮ ಕುರ್ಚಿ ಹೇಗಿರಬೇಕು ಅಂತ ನಿರ್ಧಾರ ಮಾಡಿಬಿಟ್ಟವು. ಕೂರುವ ಹಲಗೆ ಹಲಸಿನದು, ಬಣ್ಣವಿಲ್ಲ, ಎಣ್ಣೆ ಮಾತ್ರ. ಕಾಲು, ಬೆನ್ನಿನ ಕಡ್ಡಿ, ಅಡ್ಡಪಟ್ಟಿ ಎಲ್ಲ ಕಡೆದ ಆಲೆ, ಅರಗಿನ ಬಣ್ಣ. ಇವತ್ತು ಜನ ನಮ್ಮ ಸಾಮಾನನ್ನು ಗುರುತಿಸುವುದೇ ಆ ಆಕಾರದಿಂದ. ಅದು ನಮ್ಮ ತಲೆಯಿಂದ ಬಂದ ಡಿಸೈನ್ ಅಲ್ಲ. ಮರ ಮತ್ತು ಅರಗು ಒಪ್ಪಿದ್ದು ಅಷ್ಟಕ್ಕೆ.

ಅಲ್ಲೂ ಒಮ್ಮೆ ಎಡವಿದೆವು. ಇವರು ಕಾಲು ಕಡೆದು ಕೊಟ್ಟರು, ನಾನು ತುದಿಯವರೆಗೂ ಅರಗು ಹತ್ತಿಸಿದೆ. ಹಲಗೆಯ ಗುಳಿಯೊಳಗೆ ಕೂರುವ ನಾಲಿಗೆಗೂ ಹತ್ತಿಬಿಟ್ಟಿತ್ತು. ಅರಗಿನ ಮೇಲೆ ಅಂಟು ಹಿಡಿಯುವುದಿಲ್ಲ. ತಿಂಗಳೊಳಗೆ ನಾಲ್ಕು ಸ್ಟೂಲ್ ಕಾಲು ಅಲ್ಲಾಡಿ ವಾಪಸ್ ಬಂದವು. ಆಮೇಲೆ ಒಂದು ಕಟ್ಟುಪಾಡು ಮಾಡಿಕೊಂಡೆವು: ಯಾರು ಕಡೆಯುತ್ತಾರೋ ಅವರೇ ಅರಗು ಹಾಕಬೇಕು, ಅವರೇ ಅದನ್ನು ಹಲಗೆಗೆ ಕೂರಿಸಬೇಕು. ಈಗ ಒಂದು ಸ್ಟೂಲ್ ಪೂರ್ತಿ ನಂದು, ಇನ್ನೊಂದು ಪೂರ್ತಿ ಅವರದು. ಇವರು ಬಣ್ಣ ಕೂಡಿಸುವುದನ್ನು ಕಲಿತರು. ಅರಿಶಿನದ ಪಕ್ಕ ನೀಲಿ ಎಷ್ಟಿರಬೇಕು ಅಂತ ಈಗ ನನ್ನೊಂದಿಗೆ ವಾದ ಮಾಡುತ್ತಾರೆ, ಎಷ್ಟೋ ಸಲ ಅವರದೇ ಸರಿ ಇರುತ್ತದೆ.

ಒಂದು ಮಾತು ಹೇಳಿಕೊಳ್ಳಲೇಬೇಕು. ಸಂತೆಯಲ್ಲಿ ಮಳಿಗೆ ಹಾಕಿದಾಗ ಬಂದವರೆಲ್ಲ ಇವರನ್ನು "ಸಾರ್, ಈ ಜಾಯಿಂಟ್ ಹೇಗೆ ಮಾಡಿದ್ರಿ" ಅಂತ ಕೇಳುತ್ತಾರೆ, ನನ್ನ ಕಡೆ ತಿರುಗಿ "ನೀವು ಬಣ್ಣ ಚೆನ್ನಾಗಿ ಹಾಕಿದೀರ" ಅನ್ನುತ್ತಾರೆ. ಆ ಜಾಯಿಂಟ್ ನಾನು ತೆಗೆದದ್ದು. ಇವರೇ ಹೇಳುತ್ತಾರೆ, "ಅದು ಅವರ ಕೆಲಸ, ಅವರನ್ನೇ ಕೇಳಿ" ಅಂತ. ಆದರೂ ನೋವಾಗುತ್ತದೆ. ಹೀಗೆ ಶುರು ಮಾಡಬೇಕೆಂದಿರುವ ಹೆಣ್ಣುಮಕ್ಕಳಿಗೆ ಇದನ್ನು ಮೊದಲೇ ತಿಳಿಸಬೇಕು ಅನ್ನಿಸಿತು.

ಕೊಪ್ಪದ ತೋಟ · ಭಾನುವಾರ, ರಾತ್ರಿ 10.25

ತುಂಬಾ ಚೆನ್ನಾಗಿ ಬರೆದಿದ್ದೀರಿ ಅಕ್ಕ. ನಮ್ಮ ಕಾಫಿ ತೋಟದಲ್ಲಿ ನೆರಳಿಗೆ ಹಾಕಿದ ಸಿಲ್ವರ್ ಓಕ್ ಬೇಕಾದಷ್ಟಿದೆ. ಎಲ್ಲ ಪ್ಲೈವುಡ್‌ಗೇ ಹೋಗುತ್ತದೆ. ಕೂರುವ ಹಲಗೆಗೆ ಅದು ಆಗುತ್ತದಾ?

ಉಳಿಕುಂಚ · ಭಾನುವಾರ, ರಾತ್ರಿ 10.50

ಆಗುತ್ತದೆ. ನಾವು ಎರಡು ಬೆಂಚಿಗೆ ಬಳಸಿದ್ದೇವೆ. ತಿರುಳಿನಿಂದ ಹೊರಕ್ಕೆ ಬರುವ ಹಾಗೆ ಸೀಳಿಸಿದರೆ ಮೈತುಂಬ ಹೊಳೆಯುವ ಚುಕ್ಕೆ ಏಳುತ್ತದೆ, ಅದರ ಮೇಲೆ ಬೇರೆ ಅಲಂಕಾರವೇ ಬೇಡ. ಸಾಮಿಲ್‌ನವರಿಗೆ ಮೊದಲೇ ಹೇಳಿ, ಸುಮ್ಮನೆ ಬಿಟ್ಟರೆ ಹೆಚ್ಚು ಹಲಗೆ ಬರುವ ಹಾಗೆ ಸೀಳಿಬಿಡುತ್ತಾರೆ, ಆ ಚುಕ್ಕೆ ಕಾಣುವುದಿಲ್ಲ. ಇನ್ನೆರಡು ವಿಷಯ. ಅದರ ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ ಬರುತ್ತದೆ, ತುಂಬುತೋಳಿನ ಅಂಗಿ ಹಾಕಿಕೊಂಡು ಉಜ್ಜಿ. ಹೊರಗಿನ ಬಿಳಿ ಮರಕ್ಕೆ ಕುಟ್ಟೆ ಬೀಳುತ್ತದೆ. ಹಸಿಯಿರುವಾಗಲೇ ಬೋರಾಕ್ಸ್ ಮತ್ತು ಬೋರಿಕ್ ಪುಡಿ ಕದಡಿದ ನೀರಿನಲ್ಲಿ ನೆನೆಸಿ ಆಮೇಲೆ ನೆರಳಲ್ಲಿ ಒಣಗಿಸಿ.

ಸಾಧನಕೇರಿ · ಸೋಮವಾರ, ಬೆಳಿಗ್ಗೆ 6.30

ಬಾಯಾರ, ಅರಗಿನ ಕೆಲಸದ ಮಾತು ಬಂತಲ್ಲ, ನಮ್ಮ ಕಲಘಟಗಿ ತೊಟ್ಟಿಲದ ಸುದ್ದಿ ಹೇಳದ ಇರಾಕ ಆಗೂದಿಲ್ಲ. ನಮ್ಮ ಮನ್ಯಾಗ ಇರೂ ತೊಟ್ಟಿಲಾ ನಮ್ಮ ಅಜ್ಜಿ ಬಾಣಂತನಕ್ಕ ಬಂದಿದ್ದು. ಸಾಗವಾನಿ ಕಟಗಿ. ಕಂಬಾ, ಗುಂಡು ಎಲ್ಲಾ ಕಡದು ಬಣ್ಣ ಹತ್ತಿಸ್ಯಾರ, ಚಪ್ಪಟಿ ಹಲಗಿ ಮ್ಯಾಲ ಕೃಷ್ಣನ ಕತಿ ಬರದಾರ. ನೀವು ಹೇಳಿದ ಮಾತು ಓದಿದ ಕೂಡಲೇ ಎದ್ದು ಹೋಗಿ ನೋಡಿದೆ. ಖರೇನ, ತಿರುಗೂ ಭಾಗಕ್ಕ ಅರಗು, ಚಪ್ಪಟಿ ಭಾಗಕ್ಕ ಕುಂಚದ ಚಿತ್ರ. ಇಷ್ಟ ವರ್ಷ ದಿನಾ ನೋಡಿದ್ರೂ ಯಾಕ ಹಂಗ ಅಂತ ವಿಚಾರ ಮಾಡಿರಲಿಲ್ಲ.

ಈ ತೊಟ್ಟಿಲದಾಗ ನಮ್ಮ ಓಣಿಯ ಎಷ್ಟ ಕೂಸು ಮಲಗ್ಯಾವ ಅನ್ನೂ ಲೆಕ್ಕ ನಮ್ಮ ಅವ್ವಗೂ ಇಲ್ಲ. ಒಬ್ಬರ ಮನಿಯಿಂದ ಒಬ್ಬರ ಮನಿಗೆ ಹೋಗಿ ಬರತದ. ಬಿಚ್ಚಿ ಒಯ್ದು ಮತ್ತ ಜೋಡಸೂ ಹಂಗ ಮಾಡ್ಯಾರ. ನೀವೂ ಒಮ್ಮೆ ಕಲಘಟಗಿಗೆ ಬರ್ರಿ, ಬಂದ್ರ ನಮ್ಮ ಮನೀಗೂ ಬರ್ರಿ.

ಉಳಿಕುಂಚ · ಸೋಮವಾರ, ಬೆಳಿಗ್ಗೆ 8.10

ಖಂಡಿತ ಬರುತ್ತೇವೆ ಅಣ್ಣ. ಬಿಚ್ಚಿ ಜೋಡಿಸುವ ಆ ಜಾಗ ಹೇಗಿದೆ ಅಂತ ಹತ್ತಿರದಿಂದ ಒಂದು ಫೋಟೋ ಹಾಕಲು ಸಾಧ್ಯವೇ? ಅಂಟಿಲ್ಲದೆ ಇಷ್ಟು ವರ್ಷ ಬಿಗಿಯಾಗಿ ನಿಂತಿದೆ ಅಂದರೆ ಅದನ್ನು ನೋಡಿಯೇ ಕಲಿಯಬೇಕು.

ಸಂಬಳದ ಮನುಷ್ಯ · ಸೋಮವಾರ, ಮಧ್ಯಾಹ್ನ 1.15

ಕೇಳುವುದು ತಪ್ಪಾದರೆ ಕ್ಷಮಿಸಿ. ಹೊಟ್ಟೆಗೆ ಸಾಕಾಗುತ್ತದೆಯೇ? ನನಗೂ ನನ್ನ ಹೆಂಡತಿಗೂ ಇದೇ ಕನಸು. ಆದರೆ ಮನೆ ಸಾಲದ ಕಂತು ಇದೆ, ಇಬ್ಬರು ಮಕ್ಕಳು ಓದುತ್ತಿದ್ದಾರೆ. ಇಂಥ ಕಥೆಗಳಲ್ಲಿ ಹಣದ ಮಾತನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಉಳಿಕುಂಚ · ಸೋಮವಾರ, ರಾತ್ರಿ 9.05

ತಪ್ಪೇನಿಲ್ಲ. ಮೊದಲು ಇಬ್ಬರ ಸಂಬಳ ಸೇರಿ ತಿಂಗಳಿಗೆ 40,000 ಬರುತ್ತಿತ್ತು. ಕೆಲಸ ಬಿಟ್ಟ ಮೊದಲ ವರ್ಷ ಮರ, ಉಳಿ, ಲೇತ್ ಅಂತ ಹೋದದ್ದೇ ಹೊರತು ಬಂದದ್ದು ಇಲ್ಲ ಅನ್ನುವಷ್ಟು. ಇವರ ಪಿಎಫ್ ತೆಗೆದು ತಿಂದೆವು. ಬಾಡಿಗೆ ಇರಲಿಲ್ಲ, ಅಕ್ಕಿ ರಾಗಿ ಮನೆಯದು. ಬೆಂಗಳೂರಲ್ಲೇ ಇದ್ದಿದ್ದರೆ ಆರನೇ ತಿಂಗಳಿಗೆ ಮುಚ್ಚಿಕೊಂಡು ಹೋಗಬೇಕಾಗಿತ್ತು. ಎರಡನೇ ವರ್ಷವೂ ಹೆಚ್ಚಿನದೇನಿಲ್ಲ.

ಈಗ ಒಂದು ಸ್ಟೂಲ್ 4,200ಕ್ಕೆ ಕೊಡುತ್ತೇವೆ. ಮರ, ಅರಗು, ಕರೆಂಟು, ಸಾಗಣೆ ಎಲ್ಲ ಸೇರಿ 1,300 ಹೋಗುತ್ತದೆ. ಒಂದಕ್ಕೆ 14 ಗಂಟೆ ಕೆಲಸ. ಒಳ್ಳೆಯ ತಿಂಗಳಲ್ಲಿ 15 ಹೋಗುತ್ತವೆ, ಆಷಾಢದಲ್ಲಿ 3 ಹೋದರೆ ಹೆಚ್ಚು. ಲೆಕ್ಕ ನೀವೇ ಹಾಕಿ. ವರ್ಷದ ಸರಾಸರಿ ತೆಗೆದರೆ ಹಳೇ ಸಂಬಳಕ್ಕೆ ಇನ್ನೂ ಮುಟ್ಟಿಲ್ಲ. ಅತ್ತೆ ಮಾವನ ಆಸರೆ ಇಲ್ಲದಿದ್ದರೆ ನಾವು ಇದನ್ನು ಮಾಡುತ್ತಿರಲಿಲ್ಲ. ಮನೆ ಸಾಲ ಇರುವವರು ಸಂಬಳ ಬಿಟ್ಟು ಇಳಿಯಬೇಡಿ. ಶನಿವಾರ ಭಾನುವಾರ ಕಲಿಯಿರಿ, ಕಲಿಯಲೇ ಎರಡು ವರ್ಷ ಬೇಕು, ಆ ಎರಡು ವರ್ಷ ಸಂಬಳ ಬರುತ್ತಿರಲಿ.

ಸೇವಾಕೇಂದ್ರ · ಸೋಮವಾರ, ರಾತ್ರಿ 9.50

ನಾನು ಸಾಮಾನ್ಯ ಸೇವಾ ಕೇಂದ್ರ ನಡೆಸುತ್ತೇನೆ, ಕುಶಲಕರ್ಮಿಗಳಿಗಾಗಿ ಇರುವ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಗೆ ಅರ್ಜಿ ಹಾಕಿ ಕೊಡುತ್ತೇನೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಯೋಜನೆ. 18 ಕಸುಬುಗಳಿವೆ, ಬಡಗಿ ಕೆಲಸ ಒಂದು, ಗೊಂಬೆ ಆಟಿಕೆ ತಯಾರಿಕೆ ಇನ್ನೊಂದು. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000ದವರೆಗೆ ನೆರವು. ಸಾಲ ಮೊದಲು 1 ಲಕ್ಷದವರೆಗೆ, ಅದನ್ನು ತೀರಿಸಿ ಅರ್ಹರಾದ ಮೇಲೆ 2 ಲಕ್ಷದವರೆಗೆ, ಬಡ್ಡಿ ಶೇಕಡ 5.

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬರುತ್ತಾರೆ, ಇಬ್ಬರಿಗೂ ಹಾಕಿ ಅನ್ನುತ್ತಾರೆ. ಆಗುವುದಿಲ್ಲ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ, ಒಂದು ಕುಟುಂಬಕ್ಕೆ ಒಬ್ಬರೇ. ಹೆಚ್ಚಿನವರು ಯೋಚನೆಯನ್ನೇ ಮಾಡದೆ ಗಂಡಸರ ಹೆಸರು ಹೇಳುತ್ತಾರೆ. ಯಾರ ಹೆಸರಲ್ಲಿ ಹಾಕಬೇಕು ಅಂತ ಮನೆಯಲ್ಲೇ ಕೂತು ಮಾತಾಡಿಕೊಂಡು ಬನ್ನಿ. ಅರ್ಜಿ ಮೊದಲು ಪಂಚಾಯಿತಿ ಮಟ್ಟದಲ್ಲಿ ಪರಿಶೀಲನೆಗೆ ಹೋಗುತ್ತದೆ, ನೀವು ನಿಜವಾಗಿ ಈ ಕೆಲಸ ಮಾಡುತ್ತಿದ್ದೀರೆಂದು ಊರಿನವರಿಗೆ ಗೊತ್ತಿರಬೇಕು.

ಉಳಿಕುಂಚ · ಸೋಮವಾರ, ರಾತ್ರಿ 10.15

ಇದು ಎಲ್ಲರೂ ಓದಬೇಕಾದ ಮಾತು. ನಮ್ಮಲ್ಲಿ ನನ್ನ ಹೆಸರಲ್ಲಿ ಹಾಕಿದೆವು. ಹೇಳಿದ್ದು ಇವರೇ.

ಬೀಟೆ ಕುಸುರಿ · ಮಂಗಳವಾರ, ಸಂಜೆ 7.20

ಮೈಸೂರಿನಿಂದ ಬರೆಯುತ್ತಿದ್ದೇನೆ. ನಮ್ಮದು ಮೂರು ತಲೆಮಾರಿನಿಂದ ಬೀಟೆ ಮರದ ಕುಸುರಿ ಕೆಲಸದ ಮನೆ. ನಿಮ್ಮ ಶ್ರಮಕ್ಕೆ ಗೌರವ ಇಟ್ಟುಕೊಂಡೇ ಒಂದು ಭಿನ್ನ ಮಾತು ಹೇಳುತ್ತೇನೆ. ಕೆಲಸ ಹಂಚಿಕೊಳ್ಳಬಾರದು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ನಮ್ಮಲ್ಲಿ ಚಿತ್ರ ಬರೆಯುವವರು ಬೇರೆ. ಆ ಚಿತ್ರದ ಪ್ರಕಾರ ಬಣ್ಣಬಣ್ಣದ ಮರದ ತುಂಡುಗಳನ್ನು ಸಣ್ಣ ಗರಗಸದಲ್ಲಿ ಕತ್ತರಿಸುವವರು ಬೇರೆ. ಆನೆಯ ಕಿವಿಗೆ ಒಂದು ಮರ, ಅಂಬಾರಿಗೆ ಹಲಸಿನ ಹಳದಿ, ಹೀಗೆ. ಬೀಟೆ ಹಲಗೆಯ ಮೇಲೆ ಅದೇ ಅಳತೆಗೆ ತಗ್ಗು ತೆಗೆದು ಕೂರಿಸುವವರು ಬೇರೆ, ಸಂದಿಗೆ ಬೀಟೆ ಪುಡಿ ಅಂಟು ಕಲಸಿ ತುಂಬಿ ಉಜ್ಜಿ ಪಾಲಿಶ್ ಮಾಡುವವರು ಬೇರೆ. ಮೂವತ್ತು ವರ್ಷ ಒಂದೇ ಕೆಲಸ ಮಾಡಿದ ಕೈಗೆ ಬರುವ ಸೂಕ್ಷ್ಮ, ಎಲ್ಲವನ್ನೂ ಮಾಡುವ ಕೈಗೆ ಬರುವುದಿಲ್ಲ. ಮೈಸೂರು ಅರಮನೆಯ ಬಾಗಿಲುಗಳ ಮೇಲಿನ ದಂತದ ಕುಸುರಿ ನೋಡಿದರೆ ನಿಮಗೇ ತಿಳಿಯುತ್ತದೆ.

ದಂತದ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ದಂತದ ವ್ಯಾಪಾರ ನಿಷೇಧವಾಗಿ ದಶಕಗಳೇ ಆದವು, ಅದು ಆಗಬೇಕಾದ್ದೇ. ಬಿಳಿಗೆ ಈಗ ಪ್ಲಾಸ್ಟಿಕ್ಕು ಅಥವಾ ಬಿಳಿ ಮರ. ಬೀಟೆಯನ್ನು ಸ್ವಂತ ಜಮೀನಲ್ಲಿ ಬೆಳೆದಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ. 2017ರಿಂದ ಬೀಟೆಯ ಜಾತಿಯ ಮರಗಳೆಲ್ಲ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಪಟ್ಟಿಯಲ್ಲಿವೆ, ಹೊರದೇಶಕ್ಕೆ ಕಳಿಸಬೇಕೆಂದರೆ ಕಾಗದಪತ್ರ ಬೇಕು. ಹೊಸದಾಗಿ ಶುರು ಮಾಡುವವರು ಬೀಟೆಯ ಆಸೆಗೆ ಬಿದ್ದು ರಶೀದಿ ಇಲ್ಲದ ಮರ ಮಾತ್ರ ತರಬೇಡಿ.

ಉಳಿಕುಂಚ · ಮಂಗಳವಾರ, ರಾತ್ರಿ 9.30

ನಿಮ್ಮ ಮಾತು ನಿಜ ಅಣ್ಣ. ನಾನು ಬರೆದ ರೀತಿಯಲ್ಲೇ ಕೊರತೆ ಇತ್ತು. ನಿಮ್ಮಲ್ಲಿ ಕೆತ್ತುವವರು, ಬರೆಯುವವರು ಒಂದೇ ಕೇರಿಯಲ್ಲಿ ಹುಟ್ಟಿ, ಒಬ್ಬರ ಕೆಲಸ ಇನ್ನೊಬ್ಬರು ದಿನಾ ನೋಡುತ್ತಾ ಬೆಳೆದವರು. ಕೂರಿಸುವವರ ಉಳಿ ಎಷ್ಟು ಆಳ ಹೋಗುತ್ತದೆ ಅಂತ ಚಿತ್ರ ಬರೆಯುವವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮಗೆ ಆ ಕೇರಿ ಇರಲಿಲ್ಲ. ನಾನು ಶಾಲೆಯ ಹಲಗೆಯ ಮುಂದಿನಿಂದ ಬಂದವಳು, ಇವರು ಕಬ್ಬಿಣದಿಂದ ಬಂದವರು. ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣಲಿ ಅಂತ ಎರಡೂ ಕಲಿಯಬೇಕಾಯಿತು. ಹತ್ತು ವರ್ಷ ಕಳೆದ ಮೇಲೆ ನಾವೂ ಮತ್ತೆ ಹಂಚಿಕೊಳ್ಳಬಹುದೇನೋ. ಕುಸುರಿಯನ್ನು ನಾವು ಮುಟ್ಟಿಲ್ಲ, ಮುಟ್ಟುವ ಮುಂಚೆ ನಿಮ್ಮಂಥವರ ಹತ್ತಿರ ಬಂದು ಕೂರುತ್ತೇವೆ.

ಬೀಟೆ ಕುಸುರಿ · ಮಂಗಳವಾರ, ರಾತ್ರಿ 9.48

ಹಾಗಿದ್ದರೆ ಒಪ್ಪಿದೆ. ನಮ್ಮ ತಂದೆಯವರೂ ಮೊದಲ ಎರಡು ವರ್ಷ ನನ್ನ ಕೈಯಲ್ಲಿ ಎಲ್ಲ ಕೆಲಸವನ್ನೂ ಮಾಡಿಸಿದ್ದರು, ಈಗ ನೆನಪಾಯಿತು. ಬನ್ನಿ.

ಮಿನಿಯಾಪೊಲಿಸ್ ಕನ್ನಡಿಗ · ಬುಧವಾರ, ಬೆಳಿಗ್ಗೆ 5.55

ಊರಿಂದ ಬರುವಾಗ ನಮ್ಮಮ್ಮನ ಹಳೇ ಹಲಸಿನ ಮಣೆ ತಂದಿದ್ದೆ. ಊರಲ್ಲಿ 40 ವರ್ಷ ಏನೂ ಆಗದ ಮಣೆ ಇಲ್ಲಿ ಮೊದಲ ಚಳಿಗಾಲದಲ್ಲೇ ತುದಿಯಿಂದ ಬಿರುಕು ಬಿಟ್ಟಿತು. ನನ್ನಿಂದ ಏನೋ ಅಚಾತುರ್ಯ ಆಯಿತೆಂದು ಎಷ್ಟು ದಿನ ಕೊರಗಿದ್ದೇನೆ. ಇಲ್ಲಿ ಹೊರಗೆ ಮೈನಸ್ 20, ಒಳಗೆ ಹೀಟರ್, ಮನೆಯ ಗಾಳಿ ಒಣಗಿ ತುಟಿ ಒಡೆಯುತ್ತದೆ. ಮರಕ್ಕೂ ಅದೇ ಆಗಿದೆ ಅಂತ ಈಗ ಅರ್ಥವಾಯಿತು. ನಿಮ್ಮ ಸ್ಟೂಲನ್ನು ಇಲ್ಲಿಗೆ ತರಿಸಿಕೊಂಡರೆ ಕಾಲು ಸಡಿಲವಾಗುತ್ತವೆಯೇ?

ಉಳಿಕುಂಚ · ಬುಧವಾರ, ರಾತ್ರಿ 8.40

ಮಣೆಯನ್ನು ಬಿಸಾಡಬೇಡಿ. ತುದಿಗಳಿಗೆ ಮೇಣ ಕರಗಿಸಿ ಹಚ್ಚಿ, ಮರ ಹೆಚ್ಚು ನೀರು ಬಿಡುವುದೂ ಕುಡಿಯುವುದೂ ಆ ತುದಿಗಳಿಂದಲೇ. ಹೀಟರ್ ಪಕ್ಕದಿಂದ ದೂರ ಇಡಿ.

ಕಾಲಿನ ವಿಷಯ ಆಚಾರ್ರು ಹೇಳಿಕೊಟ್ಟದ್ದು. ಗುಳಿಯೊಳಗೆ ಹೋಗುವ ನಾಲಿಗೆ ಹಲಗೆಗಿಂತ ಹೆಚ್ಚು ಒಣಗಿರಬೇಕು. ನಾವು ಕಾಲಿನ ತುದಿಯನ್ನು ಬಿಸಿ ಮರಳಿನಲ್ಲಿ ಹೂತು ಒಣಗಿಸಿ ಆಮೇಲೆ ಬಡಿಯುತ್ತೇವೆ. ಒಳಗೆ ಹೋದ ಮೇಲೆ ಸುತ್ತಲಿನ ಹಲಗೆಯ ತೇವ ಸ್ವಲ್ಪ ಎಳೆದುಕೊಂಡು ಅದು ಹಿಗ್ಗುತ್ತದೆ, ಕಚ್ಚಿ ಹಿಡಿಯುತ್ತದೆ. ಮೇಲಿಂದ ನಾಲಿಗೆಯನ್ನು ಸೀಳಿ ಬೆಣೆ ಹೊಡೆಯುತ್ತೇವೆ. ಬೆಣೆ ಹಲಗೆಯ ಎಳೆಗೆ ಅಡ್ಡ ಬರಬೇಕು, ಎಳೆಯ ಗುಂಟ ಬಂದರೆ ಹಲಗೆಯೇ ಸೀಳುತ್ತದೆ. ಇಷ್ಟು ಮಾಡಿದರೂ ನಿಮ್ಮ ಊರಿನ ಚಳಿಗಾಲದ ಬಗ್ಗೆ ನಾನು ಮಾತು ಕೊಡಲಾರೆ. ಅಲ್ಲಿಗೆ ಈವರೆಗೆ ಒಂದನ್ನೂ ಕಳಿಸಿಲ್ಲ.

ಹಳೇ ಓದುಗ · ಬುಧವಾರ, ರಾತ್ರಿ 9.30

ಜಾಯಿಂಟ್ ಯಾರದು ಅನ್ನುವ ಮಾತು ಓದಿ ಚಾರ್ಲ್ಸ್ ಮತ್ತು ರೇ ಈಮ್ಸ್ ನೆನಪಾದರು. ಅಮೆರಿಕದ ಈ ದಂಪತಿ ಮದುವೆಯಾದದ್ದು 1941ರಲ್ಲಿ. ಗಂಡ ಚಾರ್ಲ್ಸ್ ವಾಸ್ತುಶಿಲ್ಪದಿಂದ ಬಂದವರು, ಹೆಂಡತಿ ರೇ ಚಿತ್ರಕಲೆಯಿಂದ ಬಂದವರು. ಲಾಸ್ ಏಂಜಲೀಸ್‌ನ ಬಾಡಿಗೆ ಮನೆಯ ಕೋಣೆಯಲ್ಲಿ ತಾವೇ ಒಂದು ಅಚ್ಚು ಯಂತ್ರ ಕಟ್ಟಿ, ಪ್ಲೈವುಡ್ ಬಗ್ಗಿಸುವುದನ್ನು ಕಲಿತರು. ಯುದ್ಧದ ಸಮಯದಲ್ಲಿ ಅದೇ ವಿಧಾನದಲ್ಲಿ ಅಮೆರಿಕದ ನೌಕಾಪಡೆಗೆ ಮುರಿದ ಕಾಲಿಗೆ ಕಟ್ಟುವ ದಬ್ಬೆ ಮಾಡಿಕೊಟ್ಟು, ಆಮೇಲೆ ಕುರ್ಚಿಗಳಿಗೆ ಬಂದರು. ಎಷ್ಟೋ ವರ್ಷ ಹೆಸರೆಲ್ಲ ಗಂಡನಿಗೇ ಹೋಯಿತು. ಆ ಬಾಗಿದ ಮರದ ಆಕಾರಗಳಲ್ಲಿ ಆಕೆಯ ಚಿತ್ರಕಾರಳ ಕಣ್ಣು ಎಷ್ಟಿದೆ ಅಂತ ಜನ ಬರೆಯತೊಡಗಿದ್ದು ಬಹಳ ತಡವಾಗಿ. 1958ರಲ್ಲಿ ಇಬ್ಬರೂ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ನಮ್ಮ ಮನೆಯ ತಂಬಿಗೆಯ ಆಕಾರವನ್ನು ಮನಸಾರೆ ಹೊಗಳಿದ್ದಾರೆ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾಯಿತು. ಅಕ್ಕ, ನಿಮ್ಮ ಸ್ಟೂಲಿನ ತಳದಲ್ಲಿ ಮಾಡಿದವರ ಹೆಸರು ಬರೆಯುತ್ತೀರಾ?

ಉಳಿಕುಂಚ · ಬುಧವಾರ, ರಾತ್ರಿ 10.05

ಇಲ್ಲಿಯವರೆಗೆ ಬರೆದಿಲ್ಲ. ಈ ವಾರದಿಂದ ಯಾರು ಮಾಡಿದ್ದೋ ಅವರ ಹೆಸರು, ತಿಂಗಳು, ವರ್ಷ ಬರೆಯುತ್ತೇವೆ. ಇವರಿಗೆ ಓದಿ ಹೇಳಿದೆ, ಸುಟ್ಟು ಬರೆಯುವ ಕಡ್ಡಿ ಹುಡುಕಲು ಎದ್ದು ಹೋದರು.

ಹೊಸಬಳು · ಗುರುವಾರ, ಬೆಳಿಗ್ಗೆ 11.20

ಆ ಪ್ರಶ್ನೆ ಕೇಳಿದವಳು ನಾನೇ. ಎಲ್ಲವನ್ನೂ ಇಬ್ಬರೂ ಕೂತು ಓದಿದೆವು. ನಮ್ಮ ಮನೆಯವರು ಒಂದು ದೊಡ್ಡ ಯಂತ್ರ ಬುಕ್ ಮಾಡಲು ಹೊರಟಿದ್ದರು, ಸದ್ಯಕ್ಕೆ ನಿಲ್ಲಿಸಿದ್ದಾರೆ. ಈ ವಾರ ಶುರು ಮಾಡುವುದಾದರೆ ಏನು ಮಾಡಲಿ? ಇನ್ನೊಂದು, ಅರಗಿನ ಬಣ್ಣವನ್ನು ಹೇಗೆ ಒರೆಸಿ ಇಟ್ಟುಕೊಳ್ಳಬೇಕು? ನಿಮ್ಮಂಥದ್ದೇ ಒಂದು ಸ್ಟೂಲ್ ನಮ್ಮಲ್ಲಿದೆ.

ಉಳಿಕುಂಚ · ಗುರುವಾರ, ರಾತ್ರಿ 9.15

ಮೊದಲು ಸ್ಟೂಲ್. ಒಣ ಬಟ್ಟೆಯಲ್ಲಿ ಒರೆಸಿ, ಸಾಕು. ಸ್ಯಾನಿಟೈಸರ್ ಮಾತ್ರ ಮುಟ್ಟಿಸಬೇಡಿ. ಅರಗು ಮದ್ಯಸಾರದಲ್ಲಿ ಕರಗುತ್ತದೆ. ಮೊದಮೊದಲು ನಮ್ಮ ಹತ್ತಿರ ಕೊಂಡವರೊಬ್ಬರು ದಿನಾ ಸ್ಯಾನಿಟೈಸರ್‌ನಿಂದ ಒರೆಸಿ, ಬಣ್ಣವೆಲ್ಲ ಅಂಟಂಟಾಗಿ ಬಟ್ಟೆಗೆ ಬಂದಿತ್ತು. ನಾವು ಮೊದಲೇ ಹೇಳಬೇಕಿತ್ತು, ಈಗ ಚೀಟಿ ಬರೆದು ಕಟ್ಟುತ್ತೇವೆ. ಬಿಸಿ ಪಾತ್ರೆಯನ್ನೂ ಇಡಬೇಡಿ, ಕಾವಿಗೆ ಅರಗು ಮೆತ್ತಗಾಗುತ್ತದೆ.

ಈ ವಾರಕ್ಕೆ: ಯಂತ್ರ ಬೇಡ. ಎರಡು ಉಳಿ, ಒಂದು ಗರಗಸ, ಒಂದು ಮೂಲೆಮಟ್ಟ, ಒಂದು ತೋಪಡ, ಮಸೆಯುವ ಕಲ್ಲು. ತೋಪಡ ಅಂದರೆ ಕೆಲವು ಕಡೆ ಹತ್ತರಿ ಅನ್ನುತ್ತಾರೆ, ಹಲಗೆ ಕೀಸುವುದು. ಇಬ್ಬರಿಗೂ ಬೇರೆ ಬೇರೆ ಉಳಿ ಇರಲಿ, ಒಬ್ಬರು ಮಸೆದದ್ದು ಇನ್ನೊಬ್ಬರ ಕೈಗೆ ಕೂರುವುದಿಲ್ಲ. ಬೆಂಗಳೂರಿನ ಹತ್ತಿರದವರಾದರೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರಗೆಲಸದ ತರಬೇತಿ ಇದೆ, ವಿಚಾರಿಸಿ. ಅದರ ಜೊತೆಗೆ ನಿಮ್ಮೂರಿನ ಒಬ್ಬ ಆಚಾರ್ರ ಹತ್ತಿರವೂ ಹೋಗಿ ಕೂರಿ, ಇಬ್ಬರೂ.

ಮತ್ತೆ ಸಾಮಿಲ್‌ಗೆ ಹೋಗಿ ಒಂದೇ ಒಂದು ಹಲಗೆ ತನ್ನಿ. ಕೆಲಸ ಮಾಡಬೇಡಿ. ತೂಕ ಮಾಡಿ, ಹಲಗೆಯ ಬೆನ್ನಿಗೆ ಪೆನ್ಸಿಲ್‌ನಲ್ಲಿ ತಾರೀಖು, ತೂಕ ಬರೆಯಿರಿ. ನೆರಳಲ್ಲಿ, ಗಾಳಿಯಾಡುವ ಕಡೆ, ಕೆಳಗೆ ಎರಡು ಪಟ್ಟಿ ಕೊಟ್ಟು ಮಲಗಿಸಿ. ಪ್ರತಿ ವಾರ ತೂಕ ಮಾಡಿ ಬರೆಯುತ್ತಾ ಹೋಗಿ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳಬರ ಅಂದಾಜು. ತೂಕ ಇಳಿಯುವುದು ನಿಂತಾಗ ಆ ಹಲಗೆ ನಿಮ್ಮ ಮನೆಗೆ ಹೊಂದಿಕೊಂಡಿದೆ ಅಂತ ಅರ್ಥ. ಅಲ್ಲಿಯವರೆಗೆ ನೀವಿಬ್ಬರೂ ಮಸೆಯುವುದು, ಗುಳಿ ತೆಗೆಯುವುದು ಕಲಿತಿರುತ್ತೀರಿ.

ಹೊಸಬಳು · ಭಾನುವಾರ, ಸಂಜೆ 5.30

ತಂದೆವು. ಹಲಸು. ಎರಡು ಅಡಿ ಉದ್ದ, 9 ಇಂಚು ಅಗಲ, ಒಂದೂಕಾಲು ಇಂಚು ದಪ್ಪ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಿದೆವು: 3 ಕೆಜಿ 780 ಗ್ರಾಂ. ತಾರೀಖು ಅವರು ಬರೆದರು, ತೂಕ ನಾನು ಬರೆದೆ.